ನೀಲಿ ಹೂವೆಂದು ಬರೆದ ಚೀಟಿ, ಬಿಳಿ ಹೂ ಬಿಟ್ಟ ಗಿಡ: ಒಂದು ಸಾಲ್ವಿಯಾ ಸಸಿಯ ವಿಮರ್ಶೆ

ಕಳೆದ ವರ್ಷ ಮಾರ್ಚ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಒಂದು ಸಣ್ಣ ನರ್ಸರಿಯಿಂದ ಅಂಚೆಯ ಮೂಲಕ ತರಿಸಿಕೊಂಡ ಸಾಲ್ವಿಯಾ ಡಿವಿನೋರಮ್ ಸಸಿಯ ಬಗ್ಗೆ, ಮತ್ತು ಅದರ ಜೊತೆಗೆ ಬಂದ ನಾಲ್ಕು ಪುಟಗಳ ಚೀಟಿಯ ಬಗ್ಗೆ ಈ ವಿಮರ್ಶೆ. ಸಸಿಗೆ 32 ಡಾಲರ್, ಸಾಗಣೆಗೆ 14 ಡಾಲರ್ ಕೊಟ್ಟೆ. ನರ್ಸರಿಯ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ನನ್ನ ತಕರಾರಿರುವುದು ಮುಖ್ಯವಾಗಿ ಆ ಚೀಟಿಯ ಮೇಲೆ, ಮತ್ತು ಅದೇ ಒಕ್ಕಣೆಯನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿಕೊಂಡು ಹಲವು ಮಾರಾಟಗಾರರು ಬಳಸುತ್ತಿದ್ದಾರೆ. ಇದು ಮನಸ್ಸಿನ ಸ್ಥಿತಿಯನ್ನೇ ಬದಲಿಸಬಲ್ಲ ಗಿಡ ಎಂಬುದನ್ನು ಮೊದಲೇ ಹೇಳಿಬಿಡಬೇಕು. ನಾನು ಇದರ ಒಂದೆಲೆಯನ್ನೂ ಬಾಯಿಗೆ ಹಾಕಿಲ್ಲ, ಹಾಕುವ ಉದ್ದೇಶವೂ ಇಲ್ಲ. ಹಾಗಾಗಿ ಅನುಭವದ ವರ್ಣನೆಯನ್ನು ಹುಡುಕಿಕೊಂಡು ಬಂದವರಿಗೆ ಇಲ್ಲಿ ಏನೂ ಸಿಗುವುದಿಲ್ಲ.

ಕೊಂಡದ್ದೇಕೆ ಎಂದರೆ, ನನಗೆ ಸಾಲ್ವಿಯಾಗಳ ಹುಚ್ಚು. ಮನೆಯ ಹಿಂದಿನ ಅಂಗಳದಲ್ಲಿ ಈಗಾಗಲೇ ಹನ್ನೊಂದು ಬಗೆಯವು ಇವೆ, ಈ ಕುಲದಲ್ಲಿ ಸುಮಾರು ಸಾವಿರ ಪ್ರಭೇದಗಳಿರುವುದರಿಂದ ಈ ಹುಚ್ಚಿಗೆ ಕೊನೆಯೂ ಇಲ್ಲ. ಕನ್ನಡ ಓದುಗರಿಗೆ ಸಾಲ್ವಿಯಾ ಎಂದೊಡನೆ ಲಾಲ್‌ಬಾಗಿನ ಪಾತಿಗಳಲ್ಲಿ ಒತ್ತೊತ್ತಾಗಿ ನಿಲ್ಲುವ ಕೆಂಪು ಹೂವಿನ ತೆನೆಗಳು ನೆನಪಾಗಬಹುದು. ಆದರೆ ಅದಕ್ಕಿಂತ ಹತ್ತಿರದ ಪರಿಚಯವೊಂದಿದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯ ಪ್ರೋತ್ಸಾಹದಿಂದ ಮೈಸೂರು ಸೀಮೆಯ ರೈತರು ಬೆಳೆಯತೊಡಗಿದ ಚಿಯಾ ಕೂಡ ಸಾಲ್ವಿಯಾವೇ, ಅದರ ತವರೂ ಮೆಕ್ಸಿಕೋವೇ. ಹುಣಸೂರಿನ ಬಳಿ ಎರಡು ವರ್ಷ ಚಿಯಾ ಬೆಳೆದ ನನ್ನ ಚಿಕ್ಕಪ್ಪನಿಗೆ ಫೋನಿನಲ್ಲಿ ಈ ಸಸಿಯನ್ನು ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, ‘ಇದರ ಬೀಜಕ್ಕೆ ಕೆಜಿಗೆ ಎಷ್ಟಪ್ಪಾ?’ ಎಂಬುದು. ಈ ಗಿಡ ಬೀಜ ಕಟ್ಟುವುದೇ ತೀರ ಅಪರೂಪ, ಕಟ್ಟಿದರೂ ಅವುಗಳಲ್ಲಿ ಮೊಳೆಯುವವು ಬಹಳ ಕಡಿಮೆ ಎಂದಾಗ ಅವರಿಗೆ ಇದರಲ್ಲಿದ್ದ ಆಸಕ್ತಿ ಅಲ್ಲಿಗೇ ಮುಗಿಯಿತು. ನನಗಾದರೋ ಅಲ್ಲಿಂದಲೇ ಆಸಕ್ತಿ ಶುರುವಾದದ್ದು. ತಾನಾಗಿ ಬೀಜದಿಂದ ಹರಡದ ಗಿಡವೊಂದು ಇಷ್ಟು ಕಾಲ ಉಳಿದುಕೊಂಡಿದೆಯೆಂದರೆ ಅದರ ಕಡ್ಡಿಯನ್ನು ಮುರಿದು ಮತ್ತೆ ಮತ್ತೆ ನೆಟ್ಟ ಕೈಗಳೂ ಇರಲೇಬೇಕಲ್ಲವೇ?

ಸಸಿ ಬಂದ ರೀತಿಯ ಬಗ್ಗೆ ದೂರಿಲ್ಲ. ಬೇರನ್ನು ಒದ್ದೆ ಪಾಚಿಯಲ್ಲಿ ಸುತ್ತಿ, ಎಲೆಗಳು ನಲುಗದಂತೆ ರಟ್ಟಿನ ಕೊಳವೆಯೊಳಗೆ ನಿಲ್ಲಿಸಿ ಕಳಿಸಿದ್ದರು. ಮೂರು ದಿನದ ಪ್ರಯಾಣದಲ್ಲಿ ಒಂದೇ ಒಂದು ಎಲೆ ಕಪ್ಪಾಗಿತ್ತು. ಆರು ಅಂಗುಲದ ಸಸಿ ಹೊಸ ಕುಂಡಕ್ಕೆ ಹೊಂದಿಕೊಳ್ಳಲು ಎರಡು ವಾರ ತೆಗೆದುಕೊಂಡು, ಆಮೇಲೆ ಕಣ್ಣೆದುರಿಗೇ ಎಂಬಂತೆ ಬೆಳೆಯಿತು. ಕಾಂಡ ತುಳಸಿಯಂತೆಯೇ ಚೌಕ, ಆದರೆ ಒಳಗೆ ಟೊಳ್ಳು. ಮೂಲೆಗಳಲ್ಲಿ ತೆಳ್ಳನೆಯ ರೆಕ್ಕೆಯಂಥ ಅಂಚುಗಳಿವೆ. ಎಲೆಗಳು ಅಂಗೈಗಿಂತ ಉದ್ದ, ಗಾಢ ಹಸಿರು. ಅಷ್ಟು ಎತ್ತರಕ್ಕೆ ಬೆಳೆದರೂ ಕಾಂಡಕ್ಕೆ ಬಲ ಸಾಲದು, ಜೂನ್ ತಿಂಗಳಲ್ಲಿ ನನ್ನ ಮೊಣಕೈ ತಗುಲಿ ಒಂದು ಕೊಂಬೆ ಚಟ್ಟನೆ ಮುರಿಯಿತು. ಮುರಿದದ್ದನ್ನು ಎಸೆಯುವ ಮನಸ್ಸಾಗದೆ ಕುಂಡದ ಮಣ್ಣಿನ ಮೇಲೆಯೇ ಬಿಟ್ಟಿದ್ದೆ. ಹತ್ತು ದಿನ ಕಳೆದು ನೋಡಿದರೆ ಗೆಣ್ಣುಗಳಿಂದ ಬೇರಿಳಿದಿತ್ತು. ತವರಾದ ಮೆಕ್ಸಿಕೋದ ಕಣಿವೆಗಳಲ್ಲೂ ಈ ಗಿಡ ಹರಡುವುದು ಹೀಗೆಯೇ ಎಂದು ಸಸ್ಯವಿಜ್ಞಾನಿಗಳು ಬರೆದಿದ್ದಾರೆ: ಭಾರಕ್ಕೆ ಬಾಗುತ್ತದೆ, ಮುರಿಯುತ್ತದೆ, ನೆಲ ಮುಟ್ಟಿದಲ್ಲಿ ಬೇರು ಬಿಡುತ್ತದೆ.

ತೊಂದರೆಯಾದದ್ದು ನಮ್ಮ ಬೇಸಿಗೆಯಿಂದ. ಮೋಡ ತಂಗುವ ಬೆಟ್ಟಗಳ ನಡುವೆ, ತೊರೆಯ ಪಕ್ಕದ ತಂಪು ನೆರಳಿನಲ್ಲಿ ಬಾಳಿದ ಗಿಡಕ್ಕೆ ಕ್ಯಾಲಿಫೋರ್ನಿಯಾದ ಒಣ ಜುಲೈ ಒಗ್ಗುವುದಿಲ್ಲ. ಎಲೆಗಳ ಅಂಚು ಹಪ್ಪಳದಂತೆ ಒಣಗಿತು, ಬಿಳಿನೊಣ ಹತ್ತಿತು. ಕೊನೆಗೆ ಬಚ್ಚಲುಮನೆಯ ಉತ್ತರದ ಕಿಟಕಿಯೇ ಅದರ ಮನೆಯಾಯಿತು. ಈ ಕಷ್ಟವನ್ನು ನರ್ಸರಿಯ ಚೀಟಿ ‘ಸುಲಭವಾಗಿ ಬೆಳೆಯುತ್ತದೆ’ ಎಂಬ ಎರಡು ಪದಗಳಲ್ಲಿ ದಾಟಿಬಿಟ್ಟಿತ್ತು. ಒಣಹವೆಯ ಊರಿನವರಿಗೆ ಆ ಮಾತು ಸುಳ್ಳು.

ಜನವರಿಯ ಎರಡನೆಯ ವಾರ ಹೂವಿನ ತೆನೆ ಬಂತು. ಹೂವು ಬಿಳಿ! ಚೀಟಿಯ ಮೊದಲ ಪುಟದಲ್ಲೇ ‘ಸುಂದರವಾದ ನೀಲಿ ಹೂಗಳು’ ಎಂದು ಅಚ್ಚಾಗಿತ್ತು. ಹಣ ತೆಗೆದುಕೊಂಡು ಬೇರೆ ಗಿಡ ಕಳಿಸಿದ್ದಾರೆಂದು ಸಿಟ್ಟಾಗಿ ಅಂದೇ ಇ-ಮೇಲ್ ಬರೆದೆ. ಉತ್ತರ ಬರಲು ಒಂಬತ್ತು ದಿನ ಹಿಡಿಯಿತು, ಅಷ್ಟರಲ್ಲಿ ನಾನೇ ಓದಿ ತಿಳಿದುಕೊಂಡೆ. ಗಿಡ ಸರಿಯಾದದ್ದೇ, ಚೀಟಿಯೇ ತಪ್ಪು. ಮತ್ತು ಆ ತಪ್ಪಿಗೆ ಅರುವತ್ತು ವರ್ಷಕ್ಕೂ ಮೀರಿದ ವಯಸ್ಸಾಗಿದೆ.

1962ರಲ್ಲಿ ಅಮೆರಿಕದ ಗಾರ್ಡನ್ ವ್ಯಾಸನ್ ಎಂಬ ಬ್ಯಾಂಕ್ ಅಧಿಕಾರಿ ಮತ್ತು ಎಲ್‌ಎಸ್‌ಡಿ ಎಂಬ ಭ್ರಮೆ ತರಿಸುವ ವಸ್ತುವನ್ನು ಮೊದಲು ತಯಾರಿಸಿದ ಸ್ವಿಸ್ ರಸಾಯನವಿಜ್ಞಾನಿ ಆಲ್ಬರ್ಟ್ ಹಾಫ್ಮನ್ ಮೆಕ್ಸಿಕೋದ ವಹಾಕ ರಾಜ್ಯದ ಸಿಯೆರ್ರಾ ಮಸಾಟೆಕಾ ಬೆಟ್ಟಗಳಲ್ಲಿ ಈ ಗಿಡವನ್ನು ಹುಡುಕುತ್ತ ಹೇಸರಗತ್ತೆಗಳ ಮೇಲೆ ಅಲೆದರು. ಗಿಡ ಬೆಳೆಯುವ ಜಾಗಕ್ಕೆ ಅವರನ್ನು ಯಾರೂ ಕರೆದೊಯ್ಯಲಿಲ್ಲ. ಸಾನ್ ಹೊಸೆ ತೆನಾಂಗೊ ಎಂಬ ಊರಿನಲ್ಲಿ ಕೊನೆಗೆ ಹೂವಿರುವ ಕೊಂಬೆಗಳ ಕಟ್ಟು ಕೈಗೆ ಬಂತು. ಹೂವನ್ನು ಬುಡದಲ್ಲಿ ಹಿಡಿದಿರುವ ನೇರಳೆ ಬಣ್ಣದ ಪುಷ್ಪಪಾತ್ರೆಯನ್ನೇ ಅವರು ಹೂವೆಂದು ತಿಳಿದರು, ಅದರ ತುದಿಯಲ್ಲಿ ಇನ್ನೂ ಅರಳದೆ ಇಣುಕುತ್ತಿದ್ದ ನಿಜವಾದ ಬಿಳಿ ಹೂವನ್ನು ಅದರ ಮೇಲಿನ ಗುಮ್ಮಟವೆಂದು ಭಾವಿಸಿದರು. ಅದೇ ವರ್ಷ ಕಾರ್ಲ್ ಎಪ್ಲಿಂಗ್ ಮತ್ತು ಕಾರ್ಲೋಸ್ ಹಾತಿವಾ ಎಂಬ ಸಸ್ಯವಿಜ್ಞಾನಿಗಳು ಒಣಗಿದ ಮಾದರಿಯನ್ನು ಮುಂದಿಟ್ಟುಕೊಂಡು ಈ ಪ್ರಭೇದಕ್ಕೆ ‘ಕಣಿ ಹೇಳುವವರ ಸಾಲ್ವಿಯಾ’ ಎಂಬರ್ಥದ ಹೆಸರಿಟ್ಟಾಗ, ಹೂವಿನ ಬಣ್ಣಕ್ಕೆ ಆ ಇಬ್ಬರ ಮಾತನ್ನೇ ನಂಬಿ ನೀಲಿ ಎಂದು ಬರೆದರು. ಜೀವಂತ ಗಿಡವನ್ನು ಹೂಬಿಟ್ಟ ಸ್ಥಿತಿಯಲ್ಲಿ ನೋಡಿದವರು ಆಮೇಲೆ ಇದನ್ನು ತಿದ್ದಿದ್ದಾರೆ. ಸಾವಿರಾರು ಸಸಿಗಳನ್ನು ಮಾರುವ ನರ್ಸರಿಗೆ ತನ್ನದೇ ಗಾಜಿನಮನೆಯಲ್ಲಿ ಅರಳಿದ ಹೂವಿನ ಬಣ್ಣ ಕಾಣಿಸಲಿಲ್ಲವೆಂದರೆ, ಆ ಚೀಟಿಯನ್ನು ಗಿಡ ನೋಡಿ ಬರೆದಿಲ್ಲ, ಎಲ್ಲಿಂದಲೋ ನಕಲು ಮಾಡಿದ್ದಾರೆ ಎಂದೇ ಅರ್ಥ.

ಬಣ್ಣದ ವಿಷಯದಲ್ಲಿ ಹೀಗಿರುವ ಚೀಟಿ ಉಳಿದದ್ದರಲ್ಲಿ ಹೇಗಿರಬಹುದು ಎಂಬ ಸಂಶಯದಿಂದ ಮಿಕ್ಕ ಮೂರು ಪುಟಗಳನ್ನೂ ಒಂದೊಂದೇ ಸಾಲು ಹಿಡಿದು ಪರಿಶೀಲಿಸಿದೆ. ‘ಅಜ್ಟೆಕ್ ಕಾಲದಿಂದ ಸಾವಿರಾರು ವರ್ಷ ಶಾಮನರು ಬಳಸಿದ ಪವಿತ್ರ ಮೂಲಿಕೆ’ ಎಂಬ ವಾಕ್ಯವಿದೆ. ಶಾಮನರೆಂದರೆ ಮಂತ್ರವೈದ್ಯರು, ಅಜ್ಟೆಕರೆಂದರೆ ಸ್ಪೇನಿನವರು ಬರುವ ಮೊದಲು ನಡು ಮೆಕ್ಸಿಕೋವನ್ನು ಆಳುತ್ತಿದ್ದವರು. ಅಜ್ಟೆಕರು ಪಿಪಿಲ್ಟ್ಸಿಂಟ್ಸಿಂಟ್ಲಿ ಎಂದು ಕರೆಯುತ್ತಿದ್ದ ಗಿಡ ಇದೇ ಇರಬಹುದೆಂದು ವ್ಯಾಸನ್ ಊಹಿಸಿದ್ದುಂಟು, ಆದರೆ ಅದು ಊಹೆಯಾಗಿಯೇ ಉಳಿದಿದೆ. ಗಟ್ಟಿಯಾಗಿ ಸಿಗುವ ದಾಖಲೆ ತೀರ ಈಚಿನದು. ಆ ಬೆಟ್ಟಗಳ ಮೂಲನಿವಾಸಿಗಳಾದ ಮಸಾಟೆಕ್ ಜನರಲ್ಲಿ ‘ಮರಿಯಾಳ ಮೂಲಿಕೆ’ಯೊಂದಿದೆ ಎಂದು ಜೀನ್ ಬ್ಯಾಸೆಟ್ ಜಾನ್ಸನ್ ಎಂಬ ಮಾನವಶಾಸ್ತ್ರಜ್ಞ 1939ರಲ್ಲಿ ಬರೆದ. 1945ರಲ್ಲಿ ಬ್ಲಾಸ್ ಪಾಬ್ಲೊ ರೆಕೊ ‘ಕಣಿಯ ಎಲೆ’ಯೊಂದನ್ನು ಪ್ರಸ್ತಾಪಿಸಿದ. ಅದನ್ನು ಬಳಸುವ ವಿಧಿಯ ವಿವರ ಸಿಗುವುದು 1952ರಲ್ಲಿ ರಾಬರ್ಟ್ ವೈಟ್ಲಾನರ್ ಬರೆದ ಲೇಖನದಲ್ಲಿ. ಮಸಾಟೆಕರ ಬಾಯಲ್ಲಿ ಈ ಗಿಡ ‘ಸ್ಕಾ ಮರಿಯಾ ಪಾಸ್ತೊರಾ’, ಅಂದರೆ ಕುರಿಗಾಹಿ ಮರಿಯಾಳ ಎಲೆ. ಕ್ರೈಸ್ತ ಪರಂಪರೆಯಲ್ಲಿ ಯೇಸುವಿನ ತಾಯಿ ಮರಿಯಾಳನ್ನು ಸಾಮಾನ್ಯವಾಗಿ ಕುರಿಗಾಹಿಯಾಗಿ ಚಿತ್ರಿಸುವುದಿಲ್ಲ. ಸ್ಪೇನಿನವರು ಬರುವುದಕ್ಕೂ ಮೊದಲಿನ ಯಾವುದೋ ಪ್ರಾಣಿಪಾಲಕ ದೇವತೆ ಈ ಹೆಸರಿನ ಹಿಂದೆ ಅಡಗಿರಬಹುದೆಂದು ಕೆಲವರು ಹೇಳುವುದು ಅದಕ್ಕೇ. ಹಳೆಯದಿರಬಹುದು ಎಂಬುದಕ್ಕೆ ಇರುವ ಸುಳಿವು ಇಷ್ಟು. ಸಾವಿರಾರು ವರ್ಷ ಎಂಬ ಲೆಕ್ಕ ಮಾರಾಟಗಾರರದು.

ಚೀಟಿಯಲ್ಲಿ ನನಗೆ ಅತ್ಯಂತ ಬೇಸರ ತಂದದ್ದು ಮೂರನೆಯ ಪುಟ. ಅಲ್ಲಿ ಶಾಮನ್ ಎಂಬ ಪದ ಏಳು ಸಲ ಬರುತ್ತದೆ, ಆದರೆ ಆ ಮಂತ್ರವೈದ್ಯ ಏನು ಮಾಡುತ್ತಾನೆ, ಯಾರಿಗಾಗಿ ಮಾಡುತ್ತಾನೆ ಎಂಬುದು ಒಂದು ಸಲವೂ ಬರುವುದಿಲ್ಲ. ಲಿಯಾಂಡರ್ ವಾಲ್ಡೆಸ್ ಮತ್ತು ಸಂಗಡಿಗರು ಒಬ್ಬ ಮಸಾಟೆಕ್ ವೈದ್ಯನ ಜೊತೆ ಕೆಲಸ ಮಾಡಿ 1983ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದರೆ ಚಿತ್ರವೇ ಬೇರೆ. ಮೊದಲನೆಯದಾಗಿ ಇದು ಔಷಧಿ. ಸ್ವಲ್ಪ ಪ್ರಮಾಣದಲ್ಲಿ ಕೊಟ್ಟರೆ ಭೇದಿಗೆ, ತಲೆನೋವಿಗೆ, ಕೀಲುನೋವಿಗೆ, ರಕ್ತಹೀನತೆಗೆ ಆಗುತ್ತದೆಂಬ ನಂಬಿಕೆ. ‘ಕುರಿಯ ಹೊಟ್ಟೆ’ ಎಂಬ ಹೆಸರಿನ ಒಂದು ರೋಗವಿದೆ. ಮಾಟಗಾರನು ಹೊಟ್ಟೆಯೊಳಗೆ ಕಲ್ಲನ್ನು ಸೇರಿಸಿದ್ದರಿಂದ ಹೊಟ್ಟೆ ಊದಿಕೊಳ್ಳುತ್ತದೆಂದೂ, ಈ ಗಿಡ ಆ ಕಲ್ಲನ್ನು ಹೊರಹಾಕುತ್ತದೆಂದೂ ಅಲ್ಲಿಯವರು ಹೇಳುತ್ತಾರೆ. ಹೆಚ್ಚಿನ ಪ್ರಮಾಣದಲ್ಲಿ ಬಳಸುವುದು ರೋಗದ ಮೂಲ ತಿಳಿಯದಿದ್ದಾಗ, ಕಳ್ಳತನವೋ ನಷ್ಟವೋ ಆದಾಗ ಕಾರಣ ಕೇಳುವುದಕ್ಕೆ. ಆಗಲೂ ಅದು ರಾತ್ರಿಯ ಹೊತ್ತು, ದೀಪ ಆರಿಸಿದ ನಿಶ್ಶಬ್ದ ಕೋಣೆಯಲ್ಲಿ, ಪ್ರಾರ್ಥನೆಯ ನಡುವೆ ನಡೆಯುತ್ತದೆ. ಎಲೆಗಳನ್ನು ಜೋಡಿ ಜೋಡಿಯಾಗಿ ಎಣಿಸಿ, ಹಸಿಯಾಗಿ ಅಗಿಯಲು ಕೊಡುತ್ತಾರೆ, ಇಲ್ಲವೇ ಹಿಂಡಿದ ರಸವನ್ನು ನೀರಿನಲ್ಲಿ ಬೆರೆಸಿ ಕುಡಿಸುತ್ತಾರೆ. ಮರಿಯಾ ಮೆಲುದನಿಯವಳು, ಬೆಳಕು ಮತ್ತು ಗದ್ದಲವಿದ್ದಲ್ಲಿ ಆಕೆ ಮಾತಾಡುವುದಿಲ್ಲ ಎಂಬುದು ಅವರ ತಿಳಿವಳಿಕೆ. ಪಥ್ಯವೂ ಉಂಟು, ಬ್ರಹ್ಮಚರ್ಯವೂ ಉಂಟು.

ವೈದ್ಯನಾಗಲು ಬಯಸುವವನ ಕಲಿಕೆಯಲ್ಲೂ ಈ ಎಲೆಗೆ ನಿಶ್ಚಿತ ಸ್ಥಾನವಿದೆ. ಮೊದಲು ಈ ಎಲೆ, ನಂತರ ಒಂದು ಬಗೆಯ ಹಂಬಿನ ಬೀಜ, ಕೊನೆಗೆ ಭ್ರಮೆ ತರಿಸುವ ಅಣಬೆ ಎಂಬ ಕ್ರಮವನ್ನು ಆ ವೈದ್ಯ ವಿವರಿಸಿದ್ದಾನೆ. ಅಂದರೆ ಅಲ್ಲಿ ಇದು ಸೌಮ್ಯವಾದ ಮೊದಲ ಪಾಠ, ಅಣಬೆ ಸಿಗದ ಕಾಲದಲ್ಲಿ ಅದರ ಬದಲಿಗೆ ಒದಗುವ ಸಸ್ಯ. ‘ಜಗತ್ತಿನ ಅತಿ ಪ್ರಬಲ’ ಎಂಬ ಚೀಟಿಯ ಹೆಮ್ಮೆಗೂ ಇದಕ್ಕೂ ಸಂಬಂಧವೇ ಇಲ್ಲ.

ಇಲ್ಲಿ ಒಂದು ಸಣ್ಣ ವಿಷಯಾಂತರ ಮಾಡುತ್ತೇನೆ, ಕನ್ನಡದವರಿಗೆ ರುಚಿಸಬಹುದು. ಮಸಾಟೆಕರು ಈ ಗಿಡವನ್ನು ಒಂಟಿಯೆಂದು ಎಣಿಸುವುದಿಲ್ಲ, ಅದಕ್ಕೊಂದು ಸಂಸಾರವಿದೆ. ಸ್ಕಾ ಪಾಸ್ತೊರಾ ಹೆಣ್ಣು. ಕೋಲಿಯಸ್ ಜಾತಿಯ ಎರಡು ಅಲಂಕಾರದ ಗಿಡಗಳು ಅದರ ಗಂಡು ಮತ್ತು ಮಗು ಎಂದು ವ್ಯಾಸನ್‌ಗೆ ಅಲ್ಲಿ ಹೇಳಿದರು. ಕೋಲಿಯಸ್ ಅಮೆರಿಕ ಖಂಡದ್ದಲ್ಲ, ಏಷ್ಯಾದ ಕಡೆಯಿಂದ ಆಮೇಲೆ ಹೋದದ್ದು. ನಮ್ಮ ಹಿತ್ತಿಲ ದೊಡ್ಡಪತ್ರೆ ಆ ಕೋಲಿಯಸ್‌ಗಳ ಹತ್ತಿರದ ನೆಂಟ, ತುಳಸಿಯೂ ಈ ಸಾಲ್ವಿಯಾವೂ ಅದೇ ಕುಟುಂಬದವು. ಹೊರಗಿನಿಂದ ಬಂದ ಗಿಡವೊಂದರ ಚೌಕ ಕಾಂಡವನ್ನೂ ಎದುರುಬದುರಾದ ಎಲೆಗಳನ್ನೂ ನೋಡಿ ಇದು ನಮ್ಮವಳ ಬಳಗ ಎಂದು ಗುರುತಿಸಿದ ಆ ಬೆಟ್ಟದವರ ಕಣ್ಣು, ಹೂವಿನ ಬಣ್ಣ ತಪ್ಪಿಸಿಕೊಂಡ ಪಂಡಿತರ ಕಣ್ಣಿಗಿಂತ ಚುರುಕಾಗಿತ್ತು ಎಂದು ನನಗನ್ನಿಸುತ್ತದೆ. ಸಸ್ಯಶಾಸ್ತ್ರದ ಪ್ರಕಾರವೂ ಅವು ಒಂದೇ ಕುಟುಂಬದವೇ ತಾನೆ?

ಚೀಟಿಯ ಕೊನೆಯ ಪುಟ ಜಾಹೀರಾತು. ಅದೇ ನರ್ಸರಿಯ ಇನ್ನೊಂದು ವಿಭಾಗ ಒಣ ಎಲೆಯ ಸಾರವನ್ನು ಗಾಢಗೊಳಿಸಿ ‘ಹತ್ತು ಪಟ್ಟು’, ‘ಇಪ್ಪತ್ತು ಪಟ್ಟು’ ಎಂಬ ಅಂಕಿಗಳೊಂದಿಗೆ ಪೊಟ್ಟಣದಲ್ಲಿ ಮಾರುತ್ತದೆ. ಸೇದುವುದಕ್ಕಾಗಿ ಮಾರುವ ಈ ಸರಕಿನ ಪೊಟ್ಟಣದ ಮೇಲೂ ಗರಿ ಮುಡಿದ ಶಾಮನನ ಚಿತ್ರವಿದೆ. ದಾಖಲಾಗಿರುವ ಮಸಾಟೆಕ್ ವಿಧಿಯಲ್ಲಿ ಇದನ್ನು ಸೇದುವ ಕ್ರಮವಿಲ್ಲ. ಈ ವ್ಯತ್ಯಾಸವನ್ನು ಆಚಾರದ ಮಾತೆಂದು ತಳ್ಳಿಹಾಕುವಂತಿಲ್ಲ. ಎಲೆಯ ಅಡಿಭಾಗದ ಸೂಕ್ಷ್ಮ ಗ್ರಂಥಿಗಳಲ್ಲಿರುವ ಸಾಲ್ವಿನೋರಿನ್-ಎ ಎಂಬ ರಾಸಾಯನಿಕವೇ ಇದರ ಪ್ರಭಾವಕ್ಕೆ ಕಾರಣ. 1962ರಲ್ಲಿ ಹಾಫ್ಮನ್ ಎಲೆಯ ರಸವನ್ನು ಮದ್ಯಸಾರದಲ್ಲಿಟ್ಟು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಕೊಂಡೊಯ್ದರೂ ಅದನ್ನು ಹಿಡಿಯಲಾಗಲಿಲ್ಲ. 1982ರಲ್ಲಿ ಮೆಕ್ಸಿಕೋದ ಆಲ್ಫ್ರೆಡೊ ಒರ್ತೆಗಾ ಮತ್ತು ಸಂಗಡಿಗರು ಪ್ರತ್ಯೇಕಿಸಿ ಹೆಸರಿಟ್ಟರು. 2002ರಲ್ಲಿ ಬ್ರಯಾನ್ ರಾತ್ ಅವರ ತಂಡ, ಇದು ಎಲ್‌ಎಸ್‌ಡಿಯಂತೆ ಸೆರೊಟೊನಿನ್ ಗ್ರಾಹಕಗಳ (ರಾಸಾಯನಿಕಗಳು ಬಂದು ಅಂಟಿಕೊಳ್ಳುವ ನರಕೋಶದ ತಾಣಗಳ) ಮೇಲಲ್ಲ, ಮಿದುಳಿನ ಕಪ್ಪಾ ಓಪಿಯಾಯ್ಡ್ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆಂದು ತೋರಿಸಿತು. ಅದರ ಅಣುವಿನಲ್ಲಿ ಸಾರಜನಕವೇ ಇಲ್ಲ ಎಂಬುದು ಈ ಬಗೆಯ ವಸ್ತುಗಳಲ್ಲಿ ವಿಶೇಷ. ನುಂಗಿದ್ದು ಹೊಟ್ಟೆಯಲ್ಲಿ ಬಹುಮಟ್ಟಿಗೆ ನಿಷ್ಕ್ರಿಯವಾಗುವುದರಿಂದ, ಎಲೆ ಅಗಿದಾಗ ಬಾಯಿಯ ಒಳಪೊರೆಯ ಮೂಲಕ ನಿಧಾನವಾಗಿ ಮೈಗೇರುತ್ತದೆ. ಗಾಢ ಸಾರದ ಹೊಗೆಯಾದರೋ ಕ್ಷಣಗಳಲ್ಲಿ ಏರುತ್ತದೆ. ಮಿಲಿಗ್ರಾಮಿನ ಸಣ್ಣದೊಂದು ಅಂಶ ಸಾಕು, ಸೇದಿದವನಿಗೆ ತಾನು ಎಲ್ಲಿದ್ದೇನೆ ಎಂಬ ಅರಿವೇ ತಪ್ಪಿ ಎದ್ದು ನಡೆದು ಬೀಳುವ, ಗಾಯ ಮಾಡಿಕೊಳ್ಳುವ ಅಪಾಯವಿದೆ. ನಿಧಾನ, ಕತ್ತಲೆ, ಜೊತೆಗೆ ಕುಳಿತ ಅನುಭವಿ: ಮಸಾಟೆಕರ ಕ್ರಮದಲ್ಲಿದ್ದ ಈ ಮೂರನ್ನೂ ತೆಗೆದುಹಾಕಿ ಉಳಿದದ್ದನ್ನು ಇಪ್ಪತ್ತು ಪಟ್ಟು ಮಾಡಿ, ಅದರ ಮೇಲೆ ಅವರದೆಂಬಂತೆ ಗರಿ ಮುಡಿದ ಚಿತ್ರ ಹಾಕುವುದನ್ನು ನಾನು ಮೋಸವೆಂದೇ ಕರೆಯುತ್ತೇನೆ.

ಈ ಜನರ ಹೆಸರನ್ನು ಮಾರುಕಟ್ಟೆ ಬಳಸಿಕೊಂಡದ್ದು ಇದೇ ಮೊದಲೂ ಅಲ್ಲ. 1957ರಲ್ಲಿ ವ್ಯಾಸನ್ ಲೈಫ್ ಪತ್ರಿಕೆಯಲ್ಲಿ ಅಣಬೆಯ ರಾತ್ರಿಪೂಜೆಯ ಬಗ್ಗೆ ಬರೆದ ಮೇಲೆ ವಾವ್ತ್ಲಾ ದೆ ಹಿಮೆನೆಸ್ ಎಂಬ ಬೆಟ್ಟದೂರಿಗೆ ಪ್ರವಾಸಿಗಳು ಮುಗಿಬಿದ್ದರು, ಪೊಲೀಸರೂ ಬಂದರು, ಪೂಜೆ ನಡೆಸಿಕೊಟ್ಟ ಮರಿಯಾ ಸಬೀನಾಳ ಮನೆಗೆ ಬೆಂಕಿ ಬಿತ್ತು. ಆಕೆ 1985ರಲ್ಲಿ ಬಡತನದಲ್ಲೇ ತೀರಿಕೊಂಡಳು.

ಕಾನೂನಿನ ವಿಷಯದಲ್ಲಿ ಚೀಟಿ ‘ಎಲ್ಲೆಡೆ ಕಾನೂನುಬದ್ಧ’ ಎನ್ನುತ್ತದೆ, ಇದಂತೂ ಅಪಾಯಕಾರಿ ಸುಳ್ಳು. ಆಸ್ಟ್ರೇಲಿಯಾ 2002ರಲ್ಲೇ ನಿಷೇಧಿಸಿದೆ, ಜರ್ಮನಿ 2008ರಲ್ಲಿ. ಅಮೆರಿಕದ ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ಇದರ ಹೆಸರಿಲ್ಲದಿದ್ದರೂ 2005ರಲ್ಲಿ ಲೂಯಿಸಿಯಾನಾದಿಂದ ಆರಂಭಿಸಿ ಹಲವು ರಾಜ್ಯಗಳು ನಿರ್ಬಂಧ ಹಾಕಿವೆ. ನಾನಿರುವ ಕ್ಯಾಲಿಫೋರ್ನಿಯಾದಲ್ಲಿ 2009ರಿಂದ ಅಪ್ರಾಪ್ತರಿಗೆ ಮಾರುವುದು ಅಪರಾಧ. ಆದರೂ ಸಸಿ ಕೊಳ್ಳುವಾಗ ನನ್ನ ವಯಸ್ಸನ್ನು ಯಾರೂ ಕೇಳಲಿಲ್ಲ. ಇದನ್ನು ಓದಿ ಆಸೆಪಟ್ಟು ಬೇರೆ ರಾಜ್ಯದಲ್ಲಿರುವವರಾಗಲಿ, ಊರಿಗೆ ಹೋಗುವಾಗ ಪೆಟ್ಟಿಗೆಯಲ್ಲಿ ಒಂದು ಕಡ್ಡಿ ಒಯ್ಯಬೇಕೆನ್ನುವವರಾಗಲಿ ಆ ಯೋಚನೆಯನ್ನು ಬಿಟ್ಟುಬಿಡುವುದು ಒಳ್ಳೆಯದು. ನನ್ನ ಗಿಡದ ವಿಷಯ ಕೇಳಿ ಒಂದೆರಡು ಎಲೆ ಕೊಡಿ ಎಂದ ಪಕ್ಕದ ಬೀದಿಯ ಹುಡುಗನಿಗೂ ಇಲ್ಲವೆಂದಿದ್ದೇನೆ. ಕುಂಡವನ್ನು ಈಗ ಬೀಗವಿರುವ ಕೋಣೆಯ ಕಿಟಕಿಗೆ ಸ್ಥಳಾಂತರಿಸಿಯೂ ಆಗಿದೆ.

ನನ್ನ ದೂರಿಗೆ ಬಂದ ಉತ್ತರ ಸೌಜನ್ಯದಿಂದಲೇ ಕೂಡಿತ್ತು. ಹೂವಿನ ಬಣ್ಣದ ತಪ್ಪನ್ನು ಒಪ್ಪಿಕೊಂಡು, ಮುಂದಿನ ಮುದ್ರಣದಲ್ಲಿ ತಿದ್ದುತ್ತೇವೆಂದು ಬರೆದಿದ್ದರು; ಉಳಿದ ಆಕ್ಷೇಪಗಳಿಗೆ ಉತ್ತರವಿರಲಿಲ್ಲ, ಬದಲಿಗೆ ಮುಂದಿನ ಖರೀದಿಗೆ ಶೇಕಡಾ 10 ರಿಯಾಯಿತಿಯ ಸಂಕೇತಾಕ್ಷರ ಇತ್ತು. ಅಂಕ ಕೊಡುವುದಾದರೆ ಆರೋಗ್ಯವಂತ ಸಸಿಗೂ ಅದನ್ನು ಕಟ್ಟಿ ಕಳಿಸಿದ ಶ್ರದ್ಧೆಗೂ ಐದಕ್ಕೆ ನಾಲ್ಕು, ಚೀಟಿಗೆ ಒಂದು, ಸಾರದ ಪೊಟ್ಟಣಕ್ಕೆ ಸೊನ್ನೆ. ಸಾಲ್ವಿಯಾ ಸಂಗ್ರಹಿಸುವವರು, ತಂಪು ಮತ್ತು ತೇವವಿರುವ ಜಾಗ ಉಳ್ಳವರು, ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲದವರು ವಸಂತದಲ್ಲಿ ತರಿಸಿಕೊಳ್ಳಬಹುದು. ಬೇಸಿಗೆಯ ಸಾಗಣೆಯಲ್ಲಿ ಈ ಎಲೆ ಬದುಕಲಾರದು. ನನ್ನಂತೆಯೇ ಗಿಡದ ಹುಚ್ಚಿರುವ ಗೆಳೆಯರೊಬ್ಬರು ಈ ಮೇ ತಿಂಗಳಲ್ಲಿ ಅದೇ ನರ್ಸರಿಯಿಂದ ಒಂದು ಸಸಿ ತರಿಸಿದರು. ಜೊತೆಗೆ ಬಂದ ಹೊಸ ಚೀಟಿಯ ಚಿತ್ರವನ್ನು ನನಗೆ ಕಳಿಸಿದ್ದಾರೆ. ಮೊದಲ ಪುಟದಲ್ಲಿ ಹೂವು ಬಿಳಿಯಾಗಿದೆ, ಎರಡನೆಯ ಪುಟದ ಸಾವಿರಾರು ವರ್ಷಗಳು ಹಾಗೆಯೇ ಇವೆ.